ಚಾರಣಕ್ಕೂ ವಿಮಾನದ ಕ್ಯಾಬಿನ್‌ಗೂ ಒಂದೇ ಚೀಲ: ಲೀಟರ್ ಬಿಡಿ, ಫ್ರೇಮ್ ಅಳೆಯಿರಿ

ಪ್ರಶ್ನೆ: ಎರಡು ವಾರದ ಪ್ರವಾಸಕ್ಕೆ ಹೊರಟಿದ್ದೇನೆ. ಅದರಲ್ಲಿ ಐದು ದಿನ ಬೆಟ್ಟದ ಹಾದಿಯಲ್ಲಿ ನಡಿಗೆ. ರಾತ್ರಿ ತಂಗಲು ದಾರಿಯಲ್ಲೇ ವಸತಿ ಇರುವುದರಿಂದ ಡೇರೆ ಬೇಕಿಲ್ಲ. ಮೂರು ಬೇರೆ ಬೇರೆ ಸಂಸ್ಥೆಗಳ ವಿಮಾನಗಳಲ್ಲಿ ಹೋಗಬೇಕು. ಚೆಕ್-ಇನ್ ಲಗೇಜಿನ ತಂಟೆಯೇ ಬೇಡ, ಒಂದೇ ಬೆನ್ನುಚೀಲದಲ್ಲಿ ಎಲ್ಲವೂ ಮುಗಿಯಲಿ ಎಂಬುದು ನನ್ನ ಆಸೆ. ‘ಕ್ಯಾಬಿನ್‌ಗೆ ಸರಿಹೊಂದುತ್ತದೆ’ ಎಂದು ಬರೆದಿರುವ 40 ಲೀಟರಿನ ಪ್ರವಾಸಿ ಚೀಲವೊಂದನ್ನು ನೋಡಿದ್ದೇನೆ. ಗೆಳೆಯರು 45 ಲೀಟರಿನ ಚಾರಣದ ಚೀಲವೇ ಸರಿ ಎನ್ನುತ್ತಾರೆ. ನಾನು ತುಸು ಎತ್ತರದ ಆಳು. ಯಾವುದನ್ನು ಕೊಳ್ಳಲಿ?

ಉತ್ತರ: ಎರಡರಲ್ಲಿ ಯಾವುದನ್ನೂ ಇನ್ನೂ ಕೊಳ್ಳಬೇಡಿ. 40 ಲೀಟರೋ 45 ಲೀಟರೋ ಎಂಬ ಲೆಕ್ಕವೇ ನಿಮ್ಮ ದಾರಿ ತಪ್ಪಿಸುತ್ತಿದೆ. ವಿಮಾನ ಹತ್ತುವ ಬಾಗಿಲಲ್ಲಿ ನಿಂತ ಸಿಬ್ಬಂದಿಗೆ ಲೀಟರಿನ ಗೊಡವೆ ಇಲ್ಲ. ಅವರು ನೋಡುವುದು ಚೀಲದ ಎತ್ತರ, ಅಗಲ, ದಪ್ಪ. ಕೆಲವು ಕಡೆ ತೂಕವನ್ನೂ. ಇವುಗಳಲ್ಲಿ ದಪ್ಪ ಮತ್ತು ತೂಕ ನಿಮ್ಮ ಕೈಯಲ್ಲೇ ಇವೆ, ಎರಡು ಬಟ್ಟೆ ಹೊರಗಿಟ್ಟರೆ ಕಡಿಮೆಯಾಗುತ್ತವೆ. ಅಗಲ ಸಾಮಾನ್ಯವಾಗಿ ತೊಂದರೆ ಕೊಡುವುದಿಲ್ಲ. ಎತ್ತರ ಹಾಗಲ್ಲ. ಚಾರಣದ ಚೀಲದ ಬೆನ್ನಿನಲ್ಲಿ ಅಲ್ಯೂಮಿನಿಯಂ ಸರಳೋ ಗಟ್ಟಿ ಪ್ಲಾಸ್ಟಿಕ್ ಹಾಳೆಯೋ ಇರುತ್ತದೆ. ಅದು 60 ಸೆಂ.ಮೀ. ಇದ್ದರೆ ಚೀಲ ಖಾಲಿಯಿದ್ದಾಗಲೂ 60 ಸೆಂ.ಮೀ. ಎತ್ತರವೇ. ಆದ್ದರಿಂದ ಆಯ್ಕೆ ಶುರುವಾಗಬೇಕಾದದ್ದು ಫ್ರೇಮ್‌ನಿಂದ.

ಮೊದಲು ನಿಮ್ಮ ಚೀಲ ಎಷ್ಟು ದೊಡ್ಡ ಪೆಟ್ಟಿಗೆಯೊಳಗೆ ಕೂರಬೇಕು ಎಂದು ನೋಡೋಣ. ಜಗತ್ತಿಗೆಲ್ಲ ಒಂದೇ ಕ್ಯಾಬಿನ್ ಅಳತೆ ಎಂಬುದಿಲ್ಲ. ಅಮೆರಿಕದ ದೊಡ್ಡ ಸಂಸ್ಥೆಗಳು ಸಾಮಾನ್ಯವಾಗಿ 56×36×23 ಸೆಂ.ಮೀ. ಎನ್ನುತ್ತವೆ, ಅದು 22×14×9 ಇಂಚಿನ ಲೆಕ್ಕ. ಏರ್ ಫ್ರಾನ್ಸ್ ಮತ್ತು ಕೆಎಲ್‌ಎಂ 55×35×25 ಎನ್ನುತ್ತವೆ. ಲುಫ್ತಾನ್ಸಾ 55×40×23. ರಯಾನ್‌ಏರ್‌ನಲ್ಲಿ ಹೆಚ್ಚುವರಿ ಹಣ ತೆತ್ತು ಪಡೆಯುವ ದೊಡ್ಡ ಕ್ಯಾಬಿನ್ ಚೀಲಕ್ಕೆ 55×40×20. ಸಿಂಗಪುರ ಏರ್‌ಲೈನ್ಸ್ ಮೂರೂ ಅಳತೆಗಳನ್ನು ಕೂಡಿಸಿ 115 ಸೆಂ.ಮೀ. ಮೀರಬಾರದು ಎನ್ನುತ್ತದೆ. ಈ ಅಂಕಿಗಳು ಆಗಾಗ ಬದಲಾಗುವುದರಿಂದ ಟಿಕೆಟ್ ಕಾಯ್ದಿರಿಸುವ ದಿನ ಆಯಾ ಸಂಸ್ಥೆಯ ನಿಯಮವನ್ನೇ ಓದಿಕೊಳ್ಳಿ, ಬೇರೆಯವರು ಹೇಳಿದ್ದನ್ನು ನೆಚ್ಚಬೇಡಿ.

ನಿಮಗೆ ಮೂರು ಸಂಸ್ಥೆಗಳ ವಿಮಾನಗಳಿವೆ. ಅವುಗಳಲ್ಲಿ ಯಾವುದು ಕಟ್ಟುನಿಟ್ಟು ಎಂದು ಹುಡುಕಿದರೆ ಉತ್ತರ ಸಿಗುವುದಿಲ್ಲ, ಏಕೆಂದರೆ ಒಂದು ಅಗಲದಲ್ಲಿ ಬಿಗಿ, ಇನ್ನೊಂದು ದಪ್ಪದಲ್ಲಿ ಬಿಗಿ. ಮೂರರ ಅಳತೆಗಳನ್ನೂ ಒಂದರ ಕೆಳಗೊಂದು ಬರೆದು, ಎತ್ತರ, ಅಗಲ, ದಪ್ಪ ಪ್ರತಿಯೊಂದರಲ್ಲೂ ಚಿಕ್ಕ ಅಂಕಿಯನ್ನು ಆರಿಸಿಕೊಳ್ಳಿ. ಉದಾಹರಣೆಗೆ 56×36×23, 55×35×25, 55×40×20 ಎಂಬ ಮೂರು ಮಿತಿಗಳಿದ್ದರೆ ನಿಮ್ಮ ನಿಜವಾದ ಮಿತಿ 55×35×20. ಮೂರನ್ನೂ ಗುಣಿಸಿದರೆ 38.5 ಲೀಟರ್. ಬೆನ್ನುಚೀಲ ಪೆಟ್ಟಿಗೆಯ ಹಾಗೆ ಚೌಕಾಕಾರವಾಗಿರುವುದಿಲ್ಲ, ಮೇಲೆ ಕೆಳಗೆ ದುಂಡಗಿರುತ್ತದೆ. ಬೆನ್ನಿನ ಮೆತ್ತೆ, ಪಟ್ಟಿಗಳು, ಬಕಲ್‌ಗಳು ಒಂದಷ್ಟು ಜಾಗ ತಿನ್ನುತ್ತವೆ. ಹೀಗಾಗಿ ಆ ಅಳತೆಯೊಳಗೆ ಪ್ರಾಮಾಣಿಕವಾಗಿ ಕೂರುವ ಚಾರಣದ ಚೀಲ 30ರಿಂದ 36 ಲೀಟರಿನದು. 40 ಲೀಟರ್ ಎಂದು ಬರೆದಿದ್ದೂ ಅದರೊಳಗೆ ಕೂರುತ್ತದೆ ಎಂದರೆ, ಒಂದೋ ಅದು ಸೂಟ್‌ಕೇಸಿನಂತೆ ಚೌಕವಾಗಿದೆ, ಇಲ್ಲವೇ ಹೊರಗಿನ ಜೇಬುಗಳನ್ನೂ ಲೆಕ್ಕಕ್ಕೆ ಸೇರಿಸಿದ್ದಾರೆ.

‘ಕ್ಯಾಬಿನ್‌ಗೆ ಸರಿಹೊಂದುತ್ತದೆ’ ಎಂಬ ಚೀಟಿಗೆ ಬೆಲೆ ಕೊಡಬೇಡಿ. ಯಾವ ಸಂಸ್ಥೆಯ ಕ್ಯಾಬಿನ್‌ಗೆ ಎಂದು ಅದು ಹೇಳುವುದಿಲ್ಲ. ಟಿಕೆಟಿನ ದರ್ಜೆಯ ಮಾತೂ ಇದೆ. ಯುರೋಪಿನ ಕಡಿಮೆ ದರದ ಸಂಸ್ಥೆಗಳಲ್ಲಿ ಅತಿ ಅಗ್ಗದ ಟಿಕೆಟ್ ಕೊಂಡರೆ ಉಚಿತವಾಗಿ ಒಯ್ಯಬಹುದಾದದ್ದು ಮುಂದಿನ ಸೀಟಿನಡಿ ತೂರುವ ಚೀಲ ಮಾತ್ರ: ರಯಾನ್‌ಏರ್ ಮತ್ತು ವಿಜ್ ಏರ್‌ನಲ್ಲಿ 40×30×20, ಈಜಿಜೆಟ್‌ನಲ್ಲಿ 45×36×20. 40×30×20 ಎಂದರೆ 24 ಲೀಟರ್. ಐದು ದಿನದ ನಡಿಗೆಯ ಸಾಮಾನು ಅದರೊಳಗೆ ಹಿಡಿಸುವುದು ಪಳಗಿದವರಿಗೆ ಮಾತ್ರ ಸಾಧ್ಯ. ನಿಮ್ಮ ಮೂರರಲ್ಲಿ ಒಂದು ಟಿಕೆಟ್ ಅಂಥದ್ದಾಗಿದ್ದರೆ, ದೊಡ್ಡ ಕ್ಯಾಬಿನ್ ಚೀಲದ ಅವಕಾಶವನ್ನು ಟಿಕೆಟ್ ಮಾಡುವಾಗಲೇ ಹಣ ಕೊಟ್ಟು ಪಡೆಯಿರಿ. ಬಾಗಿಲಲ್ಲಿ ಸಿಕ್ಕಿಬಿದ್ದು ಕೊಡುವ ಶುಲ್ಕ ಅದಕ್ಕಿಂತ ಬಹಳ ಹೆಚ್ಚಿರುತ್ತದೆ.

ಇನ್ನು ನಿಮ್ಮ ಎತ್ತರದ ವಿಷಯ. ಚೀಲಕ್ಕೆ ಬೇಕಾದದ್ದು ನಿಮ್ಮ ಒಟ್ಟು ಎತ್ತರವಲ್ಲ, ಬೆನ್ನಿನ ಉದ್ದ. ಉದ್ದ ಕಾಲು, ಗಿಡ್ಡ ಬೆನ್ನಿನ ಎತ್ತರದವರು ಎಷ್ಟೋ ಜನರಿದ್ದಾರೆ. ಅಳೆಯಲು ಒಬ್ಬರ ನೆರವು ಬೇಕು. ತಲೆಯನ್ನು ಮುಂದಕ್ಕೆ ಬಾಗಿಸಿದಾಗ ಕತ್ತಿನ ಬುಡದಲ್ಲಿ ಒಂದು ಮೂಳೆ ಉಬ್ಬಿ ಕೈಗೆ ಸಿಗುತ್ತದೆ. ಅದು ಕತ್ತಿನ ಏಳನೆಯ ಕಶೇರು. ಟೇಪಿನ ಒಂದು ತುದಿ ಅಲ್ಲಿಗೆ. ಬಳಿಕ ಎರಡೂ ಕೈಗಳನ್ನು ಸೊಂಟದ ಮೂಳೆಯ ಮೇಲಂಚಿನಲ್ಲಿಟ್ಟು ಹೆಬ್ಬೆರಳುಗಳನ್ನು ಬೆನ್ನಿನತ್ತ ತಿರುಗಿಸಿ. ಎರಡು ಹೆಬ್ಬೆರಳುಗಳನ್ನು ಸೇರಿಸುವ ಗೆರೆ ಬೆನ್ನುಮೂಳೆಯನ್ನು ದಾಟುವಲ್ಲಿಗೆ ಟೇಪಿನ ಇನ್ನೊಂದು ತುದಿ. ಟೇಪು ಬೆನ್ನಿನ ಬಾಗನ್ನು ಅನುಸರಿಸಿ ಇಳಿಯಲಿ. ಬರುವ ಅಂಕಿಯೇ ನಿಮ್ಮ ಬೆನ್ನಳತೆ.

ಅದು 45 ಸೆಂ.ಮೀ. ಅಥವಾ ಅದಕ್ಕಿಂತ ಕಡಿಮೆ ಬಂದರೆ ನಿಮ್ಮ ಕೆಲಸ ಸುಲಭ, 55 ಸೆಂ.ಮೀ. ಒಳಗೇ ನಿಮಗೆ ಸರಿಯಾಗಿ ಕೂರುವ ಚೀಲಗಳು ಸಿಗುತ್ತವೆ. 50 ದಾಟಿದರೆ ತಕರಾರು ಆರಂಭ. ಸೊಂಟದ ಪಟ್ಟಿಯ ನಡುಭಾಗ ಸೊಂಟದ ಮೂಳೆಯ ಮೇಲೆ ಕೂರಬೇಕು. ಅದರ ಕೆಳಗೆ ಚೀಲದ ತಳ ಇನ್ನೂ ನಾಲ್ಕೈದು ಸೆಂ.ಮೀ. ಇಳಿಯುತ್ತದೆ. ಮೇಲ್ಗಡೆ ಹೆಗಲ ಪಟ್ಟಿಯ ಬುಡದಿಂದ ಫ್ರೇಮ್ ಇನ್ನಷ್ಟು ಮೇಲೇರಿದರೆ ಮಾತ್ರ ಭಾರವನ್ನು ಹೆಗಲಿನಿಂದ ಎತ್ತಿ ಹಿಡಿಯುವ ಸಣ್ಣ ಎಳೆಪಟ್ಟಿಗಳು ಕೆಲಸ ಮಾಡುತ್ತವೆ. 50ಕ್ಕೆ ಕೆಳಗೊಂದು ಐದು, ಮೇಲೊಂದು ಐದು ಸೇರಿಸಿ, 60 ಆಯಿತು. ಉದ್ದ ಬೆನ್ನಿನವರಿಗೆ ಪೂರ್ತಿ ಒಪ್ಪುವ ಚಾರಣದ ಚೀಲ 55ರ ಮಿತಿಯೊಳಗೆ ಬರುವುದು ಅಪರೂಪ ಎನ್ನುವುದಕ್ಕೆ ಕಾರಣ ಇಷ್ಟೇ. ಒಂದೇ ಮಾದರಿಯ ಚೀಲ ಎರಡು ಅಳತೆಗಳಲ್ಲಿ ಬರುವುದನ್ನೂ ಗಮನಿಸಿ. ಚಿಕ್ಕ ಬೆನ್ನಿನ ಅಳತೆಯದು ಕ್ಯಾಬಿನ್‌ಗೆ ಹೋದೀತು, ದೊಡ್ಡ ಬೆನ್ನಿನದು ಹೋಗದು. ಗೆಳೆಯರು ‘ನನ್ನದು ಹೋಗುತ್ತದೆ’ ಎಂದರೆ ಅವರ ಚೀಲ ಯಾವ ಅಳತೆಯದು ಎಂದು ಕೇಳಿ.

ಹಾಗೆಂದು ಆಸೆ ಬಿಡಬೇಕಿಲ್ಲ. ಕ್ಯಾಬಿನ್ ಚೀಲಕ್ಕೆ ಹಲವು ಸಂಸ್ಥೆಗಳಲ್ಲಿ 7 ಕಿಲೋ ತೂಕದ ಮಿತಿಯಿದೆ. ಸಿಂಗಪುರ ಏರ್‌ಲೈನ್ಸ್ ಮತ್ತು ಎಮಿರೇಟ್ಸ್‌ನ ಇಕಾನಮಿ ದರ್ಜೆಯಲ್ಲಿ ಅಷ್ಟೇ, ಲುಫ್ತಾನ್ಸಾದಲ್ಲಿ 8. ಎಲ್ಲರೂ ಈ ಮಿತಿಗೆ ಗೊಣಗುತ್ತಾರೆ, ಆದರೆ ನಿಮ್ಮ ಮಟ್ಟಿಗೆ ಇದು ಉಪಕಾರ. 7 ಕಿಲೋ ಸಾಮಾನಿಗೆ ಎರಡು ಲೀಟರ್ ನೀರು, ಒಂದು ಹೊತ್ತಿನ ಊಟ ಸೇರಿದರೂ ಬೆಟ್ಟದಲ್ಲಿ ನಿಮ್ಮ ಹೊರೆ 10 ಕಿಲೋ ದಾಟುವುದಿಲ್ಲ. ಅಷ್ಟು ಹೊರೆಗೆ ಎತ್ತರದ ಫ್ರೇಮ್ ಅನಿವಾರ್ಯವಲ್ಲ, ಹೆಗಲ ಮೇಲಿನ ಎಳೆಪಟ್ಟಿಗಳೂ ಅನಿವಾರ್ಯವಲ್ಲ. ಬೆನ್ನಳತೆಗಿಂತ ಮೂರು ನಾಲ್ಕು ಸೆಂ.ಮೀ. ಗಿಡ್ಡವಾದ ಚೀಲದಲ್ಲೂ ಐದು ದಿನ ಹಾಯಾಗಿ ನಡೆಯಬಹುದು, ಸೊಂಟದ ಪಟ್ಟಿ ಮೂಳೆಯ ಮೇಲೆ ಹಿಡಿತ ಸಾಧಿಸುವಂತಿದ್ದರೆ. ಪಟ್ಟಿ ಹೊಟ್ಟೆಯ ಮೇಲೆ ಬಂದು ಕೂರುವಷ್ಟು ಗಿಡ್ಡವಾದರೆ ಮಾತ್ರ ಆ ಚೀಲ ಬೇಡವೇ ಬೇಡ. ಆಗ ಭಾರವೆಲ್ಲ ಹೆಗಲಿಗೇ ಬೀಳುತ್ತದೆ, ಸಾಲದ್ದಕ್ಕೆ ಉಸಿರಾಟಕ್ಕೂ ಅಡ್ಡಿ.

ಅಂಗಡಿಯಲ್ಲಿ ಇದನ್ನು ಪರೀಕ್ಷಿಸುವಾಗ ಖಾಲಿ ಚೀಲ ಹೊತ್ತು ಕನ್ನಡಿ ನೋಡಿಕೊಂಡರೆ ಪ್ರಯೋಜನವಿಲ್ಲ. ಆರೇಳು ಕಿಲೋ ತೂಕ ಹಾಕಿಸಿ. ಮೊದಲು ಎಲ್ಲ ಪಟ್ಟಿಗಳನ್ನೂ ಸಡಿಲಿಸಿ, ಸೊಂಟದ ಪಟ್ಟಿಯನ್ನು ಮೂಳೆಯ ಮೇಲೆ ಕೂರಿಸಿ ಬಿಗಿದು, ಆಮೇಲೆ ಹೆಗಲ ಪಟ್ಟಿ ಎಳೆಯಿರಿ, ಕೊನೆಗೆ ಎದೆಯ ಪಟ್ಟಿ. ಈಗ ಹೆಗಲ ಪಟ್ಟಿಯ ಕೆಳಗೆ ಬೆರಳು ತೂರಿಸಿ ನೋಡಿ. ಸಲೀಸಾಗಿ ತೂರಿದರೆ ಭಾರ ಸೊಂಟಕ್ಕೆ ಇಳಿದಿದೆ ಎಂದರ್ಥ. ಮೆಟ್ಟಿಲಿದ್ದರೆ ಹತ್ತಿ ಇಳಿಯಿರಿ. ಮೊಣಕಾಲು ಎತ್ತಿದಾಗ ಪಟ್ಟಿ ತೊಡೆಗೆ ಒತ್ತುತ್ತಿದೆಯೇ ಎಂಬುದು ಸಮತಟ್ಟು ನೆಲದಲ್ಲಿ ಗೊತ್ತಾಗುವುದಿಲ್ಲ.

ಬೆನ್ನಿಗೆ ಗಾಳಿಯಾಡಲೆಂದು ಬಿಗಿದ ಬಲೆಯಿರುವ ಚೀಲಗಳ ಬಗ್ಗೆ ನನ್ನ ಅಭಿಪ್ರಾಯ ಖಚಿತವಾಗಿದೆ: ನಡಿಗೆಗೆ ಅವು ಬಲು ಸೊಗಸು, ಕ್ಯಾಬಿನ್‌ಗೆ ಅವು ಬೇಡ. ಬಲೆಯನ್ನು ಬಿಗಿಯಾಗಿ ಹಿಡಿಯಲು ಫ್ರೇಮ್ ಬಿಲ್ಲಿನಂತೆ ಬಾಗಿರುತ್ತದೆ, ಬಲೆಗೂ ಚೀಲಕ್ಕೂ ನಡುವೆ ಹಲವು ಸೆಂ.ಮೀ. ಬರಿಯ ಗಾಳಿ. ಒಟ್ಟು 20 ಸೆಂ.ಮೀ. ದಪ್ಪದಲ್ಲಿ ಐದು ಸೆಂ.ಮೀ. ಗಾಳಿಗೆ ಹೋದರೆ ಕಾಲು ಭಾಗ ಹೋದಂತೆ. ಆ ಬಾಗು ಅದುಮಿದರೆ ಚಪ್ಪಟೆಯಾಗುವುದೂ ಇಲ್ಲ. ಆಸ್ಪ್ರೇ ಕಂಪನಿಯ ಸ್ಟ್ರಾಟಾಸ್, ಎಕ್ಸೋಸ್, ಗ್ರೆಗರಿಯ ಜುಲು ಈ ಬಗೆಯವು. ಅದೇ ಆಸ್ಪ್ರೇಯ ಟ್ಯಾಲನ್ ಮತ್ತು ಮಹಿಳೆಯರ ಟೆಂಪೆಸ್ಟ್ ಸರಣಿಯಲ್ಲಿ ಬೆನ್ನಿಗೆ ಅಂಟಿಕೊಳ್ಳುವ, ಗೆರೆಗೆರೆಯಾಗಿ ಕೊರೆದ ಫೋಮ್ ಮೆತ್ತೆಯಿದೆ. ಬೆನ್ನು ಸ್ವಲ್ಪ ಹೆಚ್ಚು ಬೆವರುತ್ತದೆ, ನಿಜ. ಆದರೆ ಚೀಲ ತೆಳ್ಳಗಿರುತ್ತದೆ, ಭಾರವೂ ಬೆನ್ನಿಗೆ ಹತ್ತಿರವಿರುತ್ತದೆ. ಏರುಹಾದಿಯಲ್ಲಿ ಹಿಂದಕ್ಕೆ ಎಳೆದಂತಾಗುವುದಿಲ್ಲ.

ನೀವು ನೋಡಿರುವ ಪ್ರವಾಸಿ ಚೀಲದ ಮಾತು. ಸೂಟ್‌ಕೇಸಿನಂತೆ ಪೂರ್ತಿ ತೆರೆಯುವ ಜಿಪ್, ಪಟ್ಟಿಗಳನ್ನು ಒಳಗೆ ಮುಚ್ಚಿಡುವ ಹೊದಿಕೆ, ಲ್ಯಾಪ್‌ಟಾಪಿಗೆ ಅರೆ, ಇವೆಲ್ಲ ನಗರದಲ್ಲಿ ಅನುಕೂಲ. ಬೆಟ್ಟದಲ್ಲಿ ಇಂಥ ಹಲವು ಚೀಲಗಳ ಸೊಂಟದ ಪಟ್ಟಿ ತೆಳುವಾದ ಬಟ್ಟೆಯ ಪಟ್ಟಿ ಮಾತ್ರ. ಚೀಲ ಅಲುಗದಂತೆ ತಡೆಯುತ್ತದೆಯೇ ಹೊರತು ಭಾರ ಹೊರುವುದಿಲ್ಲ. ಚಾರಣದ ಚೀಲಕ್ಕಿಂತ ಅಗಲ ಹೆಚ್ಚಾದ್ದರಿಂದ ನಡೆಯುವಾಗ ಮೊಣಕೈ ತಾಗುತ್ತದೆ, ಕಿರಿದಾದ ಹಾದಿಯಲ್ಲಿ ಬಂಡೆಗೆ ಉಜ್ಜುತ್ತದೆ. ನೀರಿನ ಬಾಟಲಿ ತೆಗೆಯಲು ಪ್ರತಿ ಸಲವೂ ಚೀಲ ಇಳಿಸಬೇಕಾದರೆ ನೀವು ನೀರು ಕುಡಿಯುವುದನ್ನೇ ಮುಂದೂಡುತ್ತೀರಿ. ಇದು ಸಣ್ಣ ವಿಷಯವಲ್ಲ, ಮಧ್ಯಾಹ್ನದ ಹೊತ್ತಿಗೆ ದೇಹಕ್ಕೆ ಗೊತ್ತಾಗುತ್ತದೆ. ನಡಿಗೆ ಒಂದೇ ದಿನದ್ದಾಗಿದ್ದರೆ ಪ್ರವಾಸಿ ಚೀಲವೇ ಸಾಕು ಎನ್ನುತ್ತಿದ್ದೆ. ಸತತ ಐದು ದಿನ ಎಂದಾಗ ಚಾರಣದ ಚೀಲದ ಪರವಾಗಿಯೇ ನನ್ನ ಮತ.

ಹಾಗಾದರೆ ಆ 45 ಲೀಟರಿನದು? ಅದರ ಫ್ರೇಮ್ 60ರ ಆಸುಪಾಸಿನದಾದರೆ ಬೇಡ. 33ರಿಂದ 38 ಲೀಟರ್, ಫ್ರೇಮ್ 55ಕ್ಕಿಂತ ಕಡಿಮೆ, ಚಪ್ಪಟೆ ಬೆನ್ನು, ಮೆತ್ತೆಯಿರುವ ಸೊಂಟದ ಪಟ್ಟಿ ಇರುವುದನ್ನು ಹುಡುಕಿ. ಮೇಲ್ಭಾಗ ಸುರುಳಿ ಸುತ್ತಿ ಮುಚ್ಚುವಂತಿದ್ದರೆ ಬಹಳ ಒಳ್ಳೆಯದು: ವಿಮಾನದಲ್ಲಿ ಬಿಗಿಯಾಗಿ ಸುತ್ತಿ ಗಿಡ್ಡವಾಗಿಸಿ, ಬೆಟ್ಟದಲ್ಲಿ ರೊಟ್ಟಿ, ಹಣ್ಣು ಸೇರಿದಾಗ ಒಂದು ಸುತ್ತು ಬಿಚ್ಚಿ. ಟೋಪಿಯಂಥ ಮುಚ್ಚಳವಿರುವ ಚೀಲವಾದರೆ ಆ ಮುಚ್ಚಳ ಕಳಚಿ ಬರುವಂತಿರಲಿ. ಎರಡೂ ಬದಿಗಳಲ್ಲಿ ಅದುಮಿ ಕಟ್ಟುವ ಪಟ್ಟಿಗಳಂತೂ ಇರಲೇಬೇಕು.

ವಿಮಾನ ನಿಲ್ದಾಣದಲ್ಲಿ ಚೀಲ ಇಳಿಸಿ ನೋಡುವ ಅಳತೆ ಚೌಕಟ್ಟಿನಲ್ಲಿ ಅದು ಸಿಕ್ಕಿಕೊಳ್ಳುವುದು ಹೆಚ್ಚಾಗಿ ಜನ ಅಳೆಯದ ಎರಡು ಜಾಗಗಳಲ್ಲಿ. ಒಂದು, ಸೊಂಟದ ಪಟ್ಟಿಯ ಮೆತ್ತೆ ರೆಕ್ಕೆಗಳು. ಹಾಗೇ ಬಿಟ್ಟರೆ ಎರಡೂ ಬದಿಗೆ ಚಾಚಿಕೊಂಡು ಅಗಲವನ್ನು ಕೆಡಿಸುತ್ತವೆ. ಅವನ್ನು ಹಿಂದಕ್ಕೆ ಮಡಚಿ, ಚೀಲದ ಮುಂಭಾಗವನ್ನು ಸುತ್ತುವಂತೆ ಬಕಲ್ ಹಾಕಿ ಬಿಗಿಯಿರಿ. ರೆಕ್ಕೆಗಳು ಬದಿಗೆ ಅಂಟಿ ಕೂರುತ್ತವೆ, ಚೀಲವೂ ತುಸು ಅದುಮಿಕೊಳ್ಳುತ್ತದೆ. ತೀರ ಬಿರುಸಾದ ರೆಕ್ಕೆಗಳು ಹೀಗೆ ಮಡಚುವುದಿಲ್ಲ, ಇದನ್ನು ಅಂಗಡಿಯಲ್ಲೇ ಮಾಡಿ ನೋಡಿ. ಎರಡು, ಮುಂಭಾಗದಲ್ಲಿರುವ ಹಿಗ್ಗುವ ಬಲೆಯ ಜೇಬು. ಮಳೆ ಅಂಗಿ, ಚಪ್ಪಲಿ, ಟವೆಲ್ ಎಲ್ಲ ಅಲ್ಲಿಗೇ ಹೋಗುತ್ತವೆ, 20 ಸೆಂ.ಮೀ. ಇದ್ದ ದಪ್ಪ ನೋಡನೋಡುತ್ತಲೇ 27 ಆಗುತ್ತದೆ. ವಿಮಾನದ ದಿನ ಆ ಜೇಬು ಪೂರ್ತಿ ಖಾಲಿ ಇರಬೇಕು.

ತೂಕದ ಲೆಕ್ಕದಲ್ಲಿ ಚೀಲದ ಸ್ವಂತ ತೂಕವನ್ನು ಮರೆಯಬೇಡಿ. ಫ್ರೇಮ್ ಇರುವ ಈ ಗಾತ್ರದ ಚೀಲ ಒಂದೂಕಾಲು, ಒಂದೂವರೆ ಕಿಲೋ ತೂಗುವುದು ಸಾಮಾನ್ಯ. 7ರಲ್ಲಿ ಅದು ಕಳೆದರೆ ಸಾಮಾನಿಗೆ ಉಳಿಯುವುದು ಐದೂವರೆ ಕಿಲೋ. ಚಾರಣದ ಬೂಟು ಮತ್ತು ದಪ್ಪ ಜಾಕೆಟ್ಟನ್ನು ಚೀಲದಲ್ಲಿಡದೆ ತೊಟ್ಟುಕೊಂಡೇ ವಿಮಾನ ಹತ್ತಿದರೆ ಒಂದೂವರೆ ಕಿಲೋ ಉಳಿತಾಯ. ಬಟ್ಟೆ ಎಷ್ಟು ಎಂದರೆ, ತೊಟ್ಟದ್ದು ಬಿಟ್ಟು ನಡಿಗೆಗೆ ಇನ್ನೊಂದು ಜೊತೆ, ಮಲಗಲು ಒಂದು ಜೊತೆ. ಉಳಿದದ್ದನ್ನು ಒಗೆದು ಒಣಗಿಸಿಕೊಳ್ಳಿ. ಹತ್ತಿಯ ಬದಲು ಉಣ್ಣೆ ಅಥವಾ ಬೇಗ ಒಣಗುವ ಕೃತಕ ನೂಲಿನ ಬಟ್ಟೆಯಾದರೆ ಜಾಗವೂ ಕಡಿಮೆ ಸಾಕು.

ಚೀಲ ಅಳತೆಗೆ ಸರಿಯಿದ್ದರೂ ಒಳಗಿನ ಸಾಮಾನು ಭದ್ರತಾ ತಪಾಸಣೆಯಲ್ಲಿ ನಿಲ್ಲಬಹುದು. ಅಡುಗೆ ಅನಿಲದ ಡಬ್ಬಿ ಕ್ಯಾಬಿನ್‌ಗೂ ಇಲ್ಲ, ಚೆಕ್-ಇನ್ ಲಗೇಜಿಗೂ ಇಲ್ಲ. ಚಾಕು ಬಿಟ್ಟುಬಿಡಿ, ಕೆಲವು ದೇಶಗಳು ಸಣ್ಣ ಅಲಗನ್ನು ಒಪ್ಪುತ್ತವೆ, ಆದರೆ ಮೂರು ವಿಮಾನಗಳ ಹಾದಿಯಲ್ಲಿ ಎಲ್ಲರೂ ಒಪ್ಪುವರೆಂದು ನಂಬಿ ಹೊರಡಬಾರದು. ನಡಿಗೆಯ ಕೋಲುಗಳದ್ದು ನಿಜವಾದ ತೊಡಕು. ಮೂರಾಗಿ ಮಡಚುವ ಕೋಲು 40 ಸೆಂ.ಮೀ. ಒಳಗೆ ಬಂದು ಚೀಲದಲ್ಲಿ ಸುಲಭವಾಗಿ ಹಿಡಿಸುತ್ತದೆ, ಆದರೆ ಚೂಪು ತುದಿಯ ಕೋಲನ್ನು ಅನೇಕ ನಿಲ್ದಾಣಗಳಲ್ಲಿ ಒಳಗೆ ಬಿಡುವುದಿಲ್ಲ, ಕೊನೆಯ ಮಾತು ಅಲ್ಲಿನ ಅಧಿಕಾರಿಯದು. ಮೊಣಕಾಲಿಗೆ ಕೋಲು ಬೇಕೇ ಬೇಕು ಎನ್ನುವವರು ನಡಿಗೆ ಆರಂಭವಾಗುವ ಊರಿನಲ್ಲಿ ಬಾಡಿಗೆಗೆ ಸಿಗುವುದೇ ಎಂದು ಮೊದಲೇ ವಿಚಾರಿಸಿಕೊಳ್ಳುವುದು ಮೇಲು. ದ್ರವಗಳಿಗೆ 100 ಮಿಲಿ ಲೀಟರಿನ ಮಿತಿ ಹೆಚ್ಚಿನ ಕಡೆ ಈಗಲೂ ಇದೆ. ಬಿಸಿಲಿನ ಕ್ರೀಮು, ಸೊಳ್ಳೆ ಔಷಧ ಸಣ್ಣ ಬಾಟಲಿಗಳಲ್ಲಿರಲಿ, ನೀರಿನ ಚೀಲ ತಪಾಸಣೆ ದಾಟುವವರೆಗೆ ಖಾಲಿಯಿರಲಿ.

ಕೊಂಡ ಮೇಲೆ, ಅಂಗಡಿಗೆ ಹಿಂತಿರುಗಿಸುವ ಅವಧಿ ಮುಗಿಯುವ ಮೊದಲು, ಮನೆಯಲ್ಲಿ ಒಮ್ಮೆ ಪೂರ್ತಿ ತುಂಬಿ ನೋಡಿ. ಬೆಲೆಚೀಟಿ ಕಿತ್ತಿರಬಾರದು. ಒಂದು ರಟ್ಟಿನ ಪೆಟ್ಟಿಗೆಯನ್ನು ನಿಮ್ಮ ಮೂರು ಚಿಕ್ಕ ಅಂಕಿಗಳಿಗೆ ಸರಿಯಾಗಿ ಕತ್ತರಿಸಿ ಅಂಟಿಸಿ, ಚೀಲವನ್ನು ಅದರೊಳಗೆ ಇಳಿಸಿ. ಬಟ್ಟೆಯ ಚೀಲವಾದ್ದರಿಂದ ದಪ್ಪದಲ್ಲಿ ಒಂದೆರಡು ಸೆಂ.ಮೀ. ಹೆಚ್ಚಿದ್ದರೂ ಅಂಗೈಯಿಂದ ಅದುಮಿದರೆ ಹೋಗುತ್ತದೆ. ಮೊಣಕಾಲು ಊರಿ ತುರುಕಬೇಕಾದರೆ ಆ ಚೀಲವನ್ನೋ ಸಾಮಾನನ್ನೋ ಬದಲಿಸಿ. ಎತ್ತರದಲ್ಲಿ ಫ್ರೇಮ್‌ನ ತುದಿ ಪೆಟ್ಟಿಗೆಯಿಂದ ಹೊರಗೆ ಇಣುಕಿದರೆ ಮಾತ್ರ ಯಾವ ಉಪಾಯವೂ ಇಲ್ಲ, ಚೀಲ ಅಂಗಡಿಗೇ ಹೋಗಲಿ.

ಇಷ್ಟಾದ ಮೇಲೂ ಒಂದು ಸಾಧ್ಯತೆ ಉಳಿಯುತ್ತದೆ. ವಿಮಾನ ಭರ್ತಿಯಾಗಿ ಮೇಲಿನ ಅರೆಗಳಲ್ಲಿ ಜಾಗ ಇಲ್ಲದಿದ್ದರೆ, ಅಳತೆಗೆ ಸರಿಯಿರುವ ಚೀಲವನ್ನೂ ಬಾಗಿಲಲ್ಲಿ ಪಡೆದು ಕೆಳಗಿನ ಸರಕಿನ ಭಾಗಕ್ಕೆ ಕಳಿಸುತ್ತಾರೆ. ಪವರ್ ಬ್ಯಾಂಕ್ ಅಲ್ಲಿಗೆ ಹೋಗುವಂತಿಲ್ಲ. 100 ವ್ಯಾಟ್-ಅವರ್ ಒಳಗಿನದು, ಅಂದರೆ ಸುಮಾರು 27,000 ಎಂಎಎಚ್‌ವರೆಗಿನದು, ಸಾಮಾನ್ಯವಾಗಿ ಅನುಮತಿ ಬೇಡದೆ ಒಯ್ಯಬಹುದಾದದ್ದು. ಅದೂ ಕ್ಯಾಬಿನ್‌ನಲ್ಲಿ ಮಾತ್ರ. ಅದಕ್ಕಾಗಿ ಪವರ್ ಬ್ಯಾಂಕ್, ಪಾಸ್‌ಪೋರ್ಟ್, ಔಷಧಿ, ಹಣ ಇಷ್ಟನ್ನು ಮಡಚಿದರೆ ಮುಷ್ಟಿಯಷ್ಟಾಗುವ ತೆಳುವಾದ ಕೈಚೀಲವೊಂದರಲ್ಲಿ ಹಾಕಿ, ಬೆನ್ನುಚೀಲದ ಬಾಯಿಯಲ್ಲೇ ಇಟ್ಟಿರಿ. ಸಿಬ್ಬಂದಿ ಚೀಲ ಕೇಳಿದಾಗ ಕೈಚೀಲವನ್ನು ಹೊರಗೆಳೆದುಕೊಂಡು, ಹೆಗಲ ಪಟ್ಟಿಗಳ ಜೋಲುತುದಿಗಳನ್ನು ಒಳಗೆ ಸಿಕ್ಕಿಸಿ, ಎದೆಪಟ್ಟಿಯ ಬಕಲ್ ಹಾಕಿಯೇ ಚೀಲವನ್ನು ಒಪ್ಪಿಸಿ. ಲಗೇಜ್ ಸಾಗಿಸುವ ಕನ್ವೇಯರ್ ಬೆಲ್ಟ್‌ನಲ್ಲಿ ಸಿಕ್ಕಿ ಹರಿಯುವುದು ಈ ಜೋಲುತುದಿಗಳೇ.